ಇಂದಿನ ಚಿಂತನೆ: ಅಭ್ಯಾಸದಲ್ಲಿ ಬಂದದ್ದು ಪಂದ್ಯದಲ್ಲಿ ಯಾಕೆ ಬರಲಿಲ್ಲ?



ಕಳೆದ ವರ್ಷ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಟೇಬಲ್ ಟೆನಿಸ್ ಪಂದ್ಯದಲ್ಲಿ ಮೂರು ಗೇಮ್‌ಗಳನ್ನೂ ಸೋತಳು. ವಾಪಸ್ ಬರುವಾಗ ಬಸ್ಸಿನಲ್ಲಿ ಅಳುತ್ತಾ, "ಸರ್, ನಂಗೆ ಆಟನೇ ಬರಲ್ಲ. ನಾಳೆಯಿಂದ ಬ್ಯಾಟ್ ಮುಟ್ಟಲ್ಲ" ಅಂದಳು. ಅಭ್ಯಾಸದಲ್ಲಿ ಇದೇ ಹುಡುಗಿ ಸತತ ಐವತ್ತು ಫೋರ್‌ಹ್ಯಾಂಡ್ ಹೊಡೆಯುತ್ತಿದ್ದಳು. ಹಾಗಾದರೆ ತಪ್ಪು ಎಲ್ಲಿತ್ತು?

ತಪ್ಪು ನನ್ನದು. ಆ ಐವತ್ತು ಚೆಂಡುಗಳನ್ನೂ ನಾನು ಒಂದೇ ಜಾಗಕ್ಕೆ, ಒಂದೇ ವೇಗದಲ್ಲಿ ಹಾಕಿದ್ದೆ. ಅವಳ ಕೈ ಕಲಿತಿತ್ತು. ಕಣ್ಣಿಗೂ ಕಾಲಿಗೂ ಕೆಲಸವೇ ಇರಲಿಲ್ಲ. ಪಂದ್ಯದಲ್ಲಿ ಚೆಂಡು ಎಲ್ಲಿಗೆ, ಯಾವ ಸ್ಪಿನ್‌ನಲ್ಲಿ ಬರುತ್ತದೆಂದು ಯಾರೂ ಮೊದಲೇ ಹೇಳುವುದಿಲ್ಲ. ನೋಡಬೇಕು, ತೀರ್ಮಾನಿಸಬೇಕು, ಆಮೇಲೆ ಹೊಡೆಯಬೇಕು. ನಾನು ಕೊನೆಯದನ್ನು ಮಾತ್ರ ಕಲಿಸಿದ್ದೆ.

ಮರುವಾರದಿಂದ ಅಭ್ಯಾಸದ ಕ್ರಮ ಬದಲಾಯಿಸಿದೆವು.

1. ಪ್ರತಿ ಆಟವೂ ಸರ್ವಿಸ್‌ನಿಂದಲೇ ಶುರು. ತನ್ನ ಸರ್ವಿಸ್, ಎದುರಾಳಿಯ ಉತ್ತರ, ತನ್ನ ಮುಂದಿನ ಹೊಡೆತ, ಈ ಮೂರೂ ಸೇರಿ ಒಂದು ಪಾಠ.

2. ಎರಡು ಚೆಂಡು ಗೊತ್ತಿರುವ ಜಾಗಕ್ಕೆ, ಮೂರನೆಯದು ಎಲ್ಲಿಗಾದರೂ.

3. ವಾರಕ್ಕೆರಡು ದಿನ ಸ್ಕೋರ್ 9-9ರಿಂದ ಆಟ. ಗೇಮ್ ಗೆಲ್ಲಲು 11 ಪಾಯಿಂಟ್ ಬೇಕು, 10-10 ಆದರೆ 2 ಪಾಯಿಂಟ್ ಅಂತರ ಬೇಕು. ಆ ಒತ್ತಡ ಪಂದ್ಯದಲ್ಲೇ ಮೊದಲ ಸಲ ಎದುರಾಗಬಾರದು.

4. ಬೇರೆ ಬೇರೆ ಎದುರಾಳಿಗಳು: ಎಡಗೈಯವರು, ನಿಧಾನವಾಗಿ ಆಡುವವರು, ತನಗಿಂತ ಚಿಕ್ಕವರು.

5. ಪಾಯಿಂಟ್ ಮುಗಿದೊಡನೆ ಒಂದು ಉಸಿರು, ಮುಂದಿನ ಚೆಂಡಿಗೆ ಒಂದೇ ಯೋಚನೆ. ಪ್ರತಿ 6 ಪಾಯಿಂಟಿಗೊಮ್ಮೆ ಟವೆಲ್‌ನಿಂದ ಒರೆಸಿಕೊಳ್ಳಲು, ಪಂದ್ಯಕ್ಕೊಮ್ಮೆ 1 ನಿಮಿಷದ ಟೈಮ್‌ಔಟ್ ಕೇಳಲು ನಿಯಮದಲ್ಲೇ ಅವಕಾಶವಿದೆ. ಹೋದ ಪಾಯಿಂಟನ್ನು ಅಲ್ಲೇ ಬಿಟ್ಟು ಬರಲು ಅದು ಸಾಕು.

ಮೊದಲ ದಿನಗಳಲ್ಲಿ ತಪ್ಪುಗಳು ಹೆಚ್ಚಾದವು. "ಮೊದ್ಲೇ ಚೆನ್ನಾಗಿತ್ತು ಸರ್" ಅಂದಳು. "ಇಲ್ಲಿ ತಪ್ಪು ಕಾಣಲಿ ಕಣಮ್ಮ, ಅಲ್ಲಿ ಕಡಿಮೆಯಾಗುತ್ತೆ" ಅಂದೆ.

ಈ ವರ್ಷ ಅವಳು ಎರಡು ಸುತ್ತು ಗೆದ್ದು ಮೂರನೆಯದರಲ್ಲಿ ಸೋತಳು. ಅಳಲಿಲ್ಲ. "ಅವಳ ಸರ್ವಿಸ್ ಅರ್ಥ ಆಗೋಕೆ ಎರಡು ಗೇಮ್ ಬೇಕಾಯ್ತು ಸರ್, ಮುಂದಿನ ಸಲ ಬೇಗ ನೋಡ್ತೀನಿ" ಅಂದಳು. ನನಗೆ ಅದೇ ಗೆಲುವು ಅನ್ನಿಸಿತು.

ಮನೆಯಲ್ಲಿ ಪಾಠ ಗಡಗಡ ಒಪ್ಪಿಸುವ ಮಗು ಪರೀಕ್ಷೆಯಲ್ಲೋ ಸಂದರ್ಶನದಲ್ಲೋ ತಡವರಿಸಿದರೆ, "ನಿನಗೆ ಬರಲ್ಲ" ಅನ್ನುವ ಮೊದಲು ಇಂದು ಒಂದು ಪ್ರಶ್ನೆ ಕೇಳಿಕೊಳ್ಳೋಣ: ನಾವೂ ಅದಕ್ಕೆ ಇಷ್ಟು ದಿನ ಒಂದೇ ಜಾಗಕ್ಕೆ ಚೆಂಡು ಹಾಕುತ್ತಿದ್ದೆವೇ?