ಗುರಿಹಲಗೆಯ ಗುರಿ ಮತ್ತು ಹೊಲದ ಗುರಿ

ಬೆಂಗಳೂರು ದಕ್ಷಿಣ ತಾಲ್ಲೂಕಿನ ಕೆಂಗೇರಿ, ತಾವರೆಕೆರೆ, ಕುಂಬಳಗೋಡು, ಕಗ್ಗಲೀಪುರದ ಸುತ್ತಮುತ್ತ ಇನ್ನೂ ರಾಗಿ, ಅವರೆ, ಮುಸುಕಿನ ಜೋಳ, ನೆಲಗಡಲೆ, ತರಕಾರಿ ಬೆಳೆಯುವ ರೈತರಿದ್ದಾರೆ. ಇವರಲ್ಲಿ ಹಲವರು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಮನೆ ಮಾಡಿಕೊಂಡು ಜಮೀನಿಗೆ ಹೋಗಿ ಬರುವವರು. ತುರಹಳ್ಳಿ ಕಾಡು ಹಾಗೂ ಬನ್ನೇರುಘಟ್ಟದ ಅರಣ್ಯದ ಕಡೆಯಿಂದ ಬರುವ ಕಾಡುಹಂದಿ ಮತ್ತು ನವಿಲುಗಳ ಹಾವಳಿ ಇವರಿಗೆ ಹೊಸದಲ್ಲ. ಕಾಳು ಹಾಲು ತುಂಬುವ ಹೊತ್ತಿಗೆ ಒಂದು ಹಿಂಡು ಹೊಲಕ್ಕೆ ನುಗ್ಗಿದರೆ, ನಾಲ್ಕು ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ನೆಲಕಚ್ಚುತ್ತದೆ.

ಇಂತಹ ಸಂದರ್ಭದಲ್ಲಿ ರೈತರು ಕೇಳುವ ಪ್ರಶ್ನೆ ಒಂದುಂಟು. "ನಮ್ಮ ಹುಡುಗ ರೈಫಲ್ ಕ್ಲಬ್ಬಿನಲ್ಲಿ ಐವತ್ತು ಮೀಟರ್ ದೂರದಿಂದ ನಾಣ್ಯದಷ್ಟು ಜಾಗಕ್ಕೆ ಗುಂಡು ಹೊಡೆಯುತ್ತಾನೆ. ಅದೇ .22 ರೈಫಲ್ಲಿನಿಂದ ಹೊಲ ಕಾಯಬಾರದೇಕೆ?" ಪ್ರಶ್ನೆ ಸಹಜವಾದುದೇ. ಇದಕ್ಕೆ ಕಾನೂನು ಒಂದು ಉತ್ತರ ಕೊಡುತ್ತದೆ, ಗುಂಡಿನ ನಡತೆ ಇನ್ನೊಂದು ಉತ್ತರ ಕೊಡುತ್ತದೆ. ಎರಡನ್ನೂ ರೈತರು ತಿಳಿದಿರುವುದು ಒಳ್ಳೆಯದು.

ರಿಮ್‌ಫೈರ್ ಎಂದರೇನು?

ತೋಟಾದ ತಳದ ಅಂಚಿನಲ್ಲಿಯೇ ಸಿಡಿಯುವ ಮದ್ದನ್ನು ತುಂಬಿರುವ ತೋಟಾಗಳಿಗೆ ರಿಮ್‌ಫೈರ್ ತೋಟಾಗಳೆಂದು ಹೆಸರು. ರೈಫಲ್ಲಿನ ಸೂಜಿ ಈ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟಿ ಗುಂಡು ಹೊರಡುತ್ತದೆ. ಈ ಗುಂಪಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು .22 ಲಾಂಗ್ ರೈಫಲ್ ತೋಟಾ. ಗುಂಡಿನ ಅಗಲ ಸುಮಾರು 5.6 ಮಿಲಿಮೀಟರ್, ತೂಕ ಸುಮಾರು 2.6 ಗ್ರಾಂ. ಸ್ಪರ್ಧೆಗೆ ಬಳಸುವ ಗುಂಡು ನಳಿಕೆಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಅಂದರೆ ಶಬ್ದದ ವೇಗಕ್ಕಿಂತ ತುಸು ಕಡಿಮೆ. ಇದನ್ನು ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಶಬ್ದದ ವೇಗವನ್ನು ದಾಟಿ ಹೊರಟ ಗುಂಡು ದಾರಿಯಲ್ಲಿ ಆ ವೇಗಕ್ಕಿಂತ ಕೆಳಗಿಳಿಯುವಾಗ ಅದರ ಓಟ ಸ್ವಲ್ಪ ಅಲುಗುವುದುಂಟು.

ಗುರಿಹಲಗೆ ಏನನ್ನು ಅಳೆಯುತ್ತದೆ?

ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿಲಿಮೀಟರ್. ಒಂದು ಅವರೆಕಾಳಿನಷ್ಟು ಎನ್ನಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ನಮ್ಮ ಬೆಳಗಾವಿಗೆ ನೆರೆಯದಾದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಅವರು ಮೂರು ಭಂಗಿಗಳ ಈ ಸ್ಪರ್ಧೆಯಲ್ಲಿ ಕಂಚಿನ ಪದಕ ಪಡೆದರು. ಅರ್ಹತಾ ಸುತ್ತಿನಲ್ಲಿ ಅವರು ಗಳಿಸಿದ್ದು 600ಕ್ಕೆ 590 ಅಂಕ.

ಇಂತಹ ನಿಖರತೆ ಹೇಗೆ ಬರುತ್ತದೆಂಬುದನ್ನು ಗಮನಿಸಿರಿ. ದೂರ ಅಳೆದಿಟ್ಟದ್ದು. ಗುರಿ ಅಲುಗದು. ಬೆಳಕು ಸಾಕಷ್ಟಿರುತ್ತದೆ. ಗಾಳಿಯ ದಿಕ್ಕು ತಿಳಿಯಲು ಬಾವುಟಗಳಿರುತ್ತವೆ. ರೈಫಲ್ಲು ಭಾರವಾದದ್ದು, ಸೂಕ್ಷ್ಮ ರಂಧ್ರದ ದೃಷ್ಟಿಸಾಧನವುಳ್ಳದ್ದು. ಸ್ಪರ್ಧಿ ಬಿಗಿಯಾದ ದಪ್ಪ ಅಂಗಿ ತೊಟ್ಟು, ತೋಳಿಗೆ ಪಟ್ಟಿ ಬಿಗಿದು, ಉಸಿರನ್ನು ಹತೋಟಿಗೆ ತಂದುಕೊಂಡು, ತನಗೆ ಸರಿಕಂಡಾಗ ಮಾತ್ರ ಕುದುರೆ ಎಳೆಯುತ್ತಾನೆ. ಮನಸ್ಸಿಗೆ ಬಾರದಿದ್ದರೆ ರೈಫಲ್ಲನ್ನು ಇಳಿಸಿ ಮತ್ತೆ ಎತ್ತಬಹುದು.

ಇದನ್ನು ನಮ್ಮ ಪ್ರಯೋಗ ತಾಕುಗಳಿಗೆ ಹೋಲಿಸಬಹುದು. ಎರಡು ರಾಗಿ ತಳಿಗಳನ್ನು ಹೋಲಿಸುವಾಗ ನೆಲ, ನೀರು, ಗೊಬ್ಬರ, ಬಿತ್ತನೆಯ ದಿನ ಎಲ್ಲವನ್ನೂ ಒಂದೇ ಸಮನಾಗಿ ಇಡುತ್ತೇವೆ. ತಳಿಯ ಗುಣ ಮಾತ್ರ ಎದ್ದು ಕಾಣಲೆಂದು ಹೀಗೆ ಮಾಡುವುದು. ಆ ತಾಕಿನ ಇಳುವರಿ ಸುಳ್ಳಲ್ಲ. ಆದರೆ ಅದೇ ಇಳುವರಿ ಪ್ರತಿಯೊಬ್ಬರ ಹೊಲದಲ್ಲೂ ಬರುತ್ತದೆಂದು ಯಾರೂ ಭರವಸೆ ಕೊಡಲಾರರು. ಅಂತೆಯೇ ಗುರಿಹಲಗೆಯ ಮೇಲೆ ಒಂದೇ ಕಡೆ ಬಿದ್ದ ಐದು ಗುಂಡುಗಳು ರೈಫಲ್ಲು, ತೋಟಾ ಮತ್ತು ಅಭ್ಯಾಸ ಎಷ್ಟು ಚೆನ್ನಾಗಿವೆ ಎಂಬುದನ್ನು ಹೇಳುತ್ತವೆ. ಹೊಲದಲ್ಲಿ ಏನಾಗುತ್ತದೆಂಬುದನ್ನು ಅವು ಹೇಳಲಾರವು.

ಹೊಲದಲ್ಲಿ ಬದಲಾಗುವ ಅಂಶಗಳು

50 ಮೀಟರಿಗೆ ಸರಿಯಾಗಿ ಹೊಂದಿಸಿದ ರೈಫಲ್ಲಿನಿಂದ ಸ್ಪರ್ಧೆಯ ಗುಂಡನ್ನು ಹಾರಿಸಿದರೆ ಏನಾಗುತ್ತದೆಂಬುದನ್ನು ಕೆಳಗೆ ಕೊಟ್ಟಿದೆ. ಗಾಳಿ ಅಡ್ಡಲಾಗಿ ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿದೆ, ಪ್ರಾಣಿ ಅಡ್ಡಲಾಗಿ ಸೆಕೆಂಡಿಗೆ ಒಂದು ಮೀಟರ್ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಅಂಕಿಗಳು ಲೆಕ್ಕ ಹಾಕಿದ ಸ್ಥೂಲ ಅಂದಾಜುಗಳು.

50 ಮೀಟರ್: ಗುಂಡು ತಲುಪಲು 0.16 ಸೆಕೆಂಡು, ಇಳಿತವಿಲ್ಲ, ಗಾಳಿಯಿಂದ ಓರೆ 2.5 ಸೆಂ.ಮೀ.; ಅಷ್ಟರಲ್ಲಿ ಪ್ರಾಣಿ ಸರಿದದ್ದು 16 ಸೆಂ.ಮೀ.

75 ಮೀಟರ್: 0.24 ಸೆಕೆಂಡು, ಇಳಿತ 8 ಸೆಂ.ಮೀ.; ಓರೆ 5.5 ಸೆಂ.ಮೀ.; ಪ್ರಾಣಿ ಸರಿದದ್ದು 24 ಸೆಂ.ಮೀ.

100 ಮೀಟರ್: 0.33 ಸೆಕೆಂಡು, ಇಳಿತ 22 ಸೆಂ.ಮೀ.; ಓರೆ 10 ಸೆಂ.ಮೀ.; ಪ್ರಾಣಿ ಸರಿದದ್ದು 33 ಸೆಂ.ಮೀ.

ಇದರಿಂದ ತಿಳಿಯುವುದೇನು?

1. ದೂರ: ಬದುವಿನಿಂದ ಬದುವಿಗೆ ಎಷ್ಟು ದೂರವೆಂದು ಕತ್ತಲಲ್ಲಿ ಕಣ್ಣಳತೆಯಿಂದ ಹೇಳುವುದು ಕಷ್ಟ. 100 ಮೀಟರನ್ನು 50 ಎಂದು ತಿಳಿದು ಹೊಡೆದರೆ ಗುಂಡು ಒಂದು ಗೇಣಿನಷ್ಟು ಕೆಳಗೆ ಬೀಳುತ್ತದೆ. ಎದೆಗೆ ಇಟ್ಟ ಗುರಿ ಕಾಲಿಗೆ ತಗಲುತ್ತದೆ.

2. ಗಾಳಿ: ದೂರ ಎರಡರಷ್ಟಾದರೆ ಓರೆ ಸುಮಾರು ನಾಲ್ಕರಷ್ಟಾಗುತ್ತದೆ. ಹೊಲದಲ್ಲಿ ಬಾವುಟಗಳಿಲ್ಲ. ನೀವು ನಿಂತ ಕಡೆ ಗಾಳಿ ಇಲ್ಲದಿದ್ದರೂ ಮರಗಳ ಸಾಲಿನಾಚೆ ಬೀಸುತ್ತಿರಬಹುದು.

3. ಪ್ರಾಣಿಯ ಚಲನೆ: ನಿಧಾನವಾಗಿ ನಡೆಯುತ್ತಿರುವ ಹಂದಿಯೂ ಗುಂಡು ತಲುಪುವಷ್ಟರಲ್ಲಿ ಮುಕ್ಕಾಲು ಗೇಣಿನಿಂದ ಒಂದೂವರೆ ಗೇಣು ಮುಂದೆ ಹೋಗಿರುತ್ತದೆ. ಓಡುತ್ತಿದ್ದರೆ ಹೇಳಬೇಕಾದುದೇ ಇಲ್ಲ.

4. ಭಂಗಿ: ಸ್ಪರ್ಧೆಯಲ್ಲಿಯೂ ಅದೇ ಮನುಷ್ಯ, ಅದೇ ರೈಫಲ್ಲು, ಅದೇ ದೂರವಿದ್ದರೂ ಮಲಗಿ ಹೊಡೆದಾಗ ಬರುವಷ್ಟು ಅಂಕ ನಿಂತು ಹೊಡೆದಾಗ ಸಾಮಾನ್ಯವಾಗಿ ಬರುವುದಿಲ್ಲ. ಉತ್ತ ನೆಲದಲ್ಲಿ ಓಡಿ ಬಂದು, ಏದುಸಿರು ಬಿಡುತ್ತ ನಿಂತು ಹೊಡೆಯುವವನ ಗುರಿ ಇನ್ನೆಷ್ಟು ಚೆದುರೀತು!

5. ಬೆಳಕು: ಕಾಡುಹಂದಿಗಳು ಹೊಲಕ್ಕೆ ಬರುವುದು ಹೆಚ್ಚಾಗಿ ರಾತ್ರಿ. ಸೂಕ್ಷ್ಮ ರಂಧ್ರದ ದೃಷ್ಟಿಸಾಧನ ಕತ್ತಲಲ್ಲಿ ಕೆಲಸಕ್ಕೆ ಬಾರದು. ಟಾರ್ಚಿನ ಬೆಳಕಿನಲ್ಲಿ ಕಂಡದ್ದು ಹಂದಿಯೋ, ಕಟ್ಟಿಹಾಕಿದ ಪಕ್ಕದ ಮನೆಯ ಹಸುವೋ ತಿಳಿಯದು.

ಸಣ್ಣ ಗುಂಡು, ದೊಡ್ಡ ಪ್ರಾಣಿ

ಗುರಿ ತಪ್ಪದಿದ್ದರೂ ಇನ್ನೊಂದು ತೊಡಕಿದೆ. .22 ಸ್ಪರ್ಧಾ ಗುಂಡಿನ ಶಕ್ತಿ ನಳಿಕೆಯ ಬಾಯಲ್ಲಿ ಸುಮಾರು 140 ಜೂಲ್. ಸಾಮಾನ್ಯ 12 ಬೋರ್ ತೋಟಾದ ಶಕ್ತಿ ಇದರ ಹದಿನೈದು ಪಟ್ಟಿಗೂ ಹೆಚ್ಚು. ಬೇಟೆಗೆ ಅನುಮತಿ ಇರುವ ಹೊರದೇಶಗಳಲ್ಲಿ .22 ರೈಫಲ್ಲನ್ನು ಮೊಲ, ಅಳಿಲಿನಂತಹ ಸಣ್ಣ ಪ್ರಾಣಿಗಳಿಗೆ ಮಾತ್ರ, ಅದೂ ಹತ್ತಿರದಿಂದ ಬಳಸುತ್ತಾರೆ. ಅಲ್ಲಿನ ಅನುಭವಿಗಳು ಅನುಸರಿಸುವ ಒಂದು ಕಟ್ಟಳೆಯಿದೆ: ಹೊಲದಲ್ಲಿ ಹೇಗೆ ಹೊಡೆಯಬೇಕಾಗುತ್ತದೋ ಅದೇ ಭಂಗಿಯಲ್ಲಿ, ಐದು ಸೆಂಟಿಮೀಟರ್ ವೃತ್ತದೊಳಗೆ ಪ್ರತಿಯೊಂದು ಗುಂಡೂ ಬೀಳುವ ದೂರವೇ ಆ ಮನುಷ್ಯನ ಬೇಟೆಯ ದೂರ. ಮೇಜಿನ ಮೇಲೆ ಮರಳುಚೀಲವಿಟ್ಟು ಹೊಡೆದ ದೂರ ಲೆಕ್ಕಕ್ಕಿಲ್ಲ.

ಬೆಳೆದ ಗಂಡು ಕಾಡುಹಂದಿಯ ಭುಜದ ಮೇಲೆ ದಪ್ಪ, ಗಡುಸಾದ ಚರ್ಮದ ಪದರವಿರುತ್ತದೆ. ಅದಕ್ಕೆ ಈ ಸಣ್ಣ ಗುಂಡು ತಗುಲಿದರೆ ಪ್ರಾಣಿ ಅಲ್ಲಿಯೇ ಬೀಳುವುದು ಅಪರೂಪ. ಗಾಯಗೊಂಡು ಓಡಿ ಹೋಗಿ ಪೊದೆಯಲ್ಲಿ ಅಡಗುತ್ತದೆ. ಮರುದಿನ ಸೊಪ್ಪು ತರಲು ಹೋದ ಹೆಣ್ಣುಮಗಳ ಮೇಲೋ, ಕುರಿ ಕಾಯುವ ಹುಡುಗನ ಮೇಲೋ ಎರಗುತ್ತದೆ. ಗಾಯದ ಪ್ರಾಣಿಯಿಂದಾಗುವ ಕೇಡಿಗೆ ಹಳೆಯ ನಿದರ್ಶನಗಳು ಬೇಕಾದಷ್ಟಿವೆ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತ್ ನರಭಕ್ಷಕ ಹುಲಿಯ ಬಲಭಾಗದ ಕೋರೆಹಲ್ಲುಗಳು ಹಿಂದೆ ಯಾರೋ ಹೊಡೆದ ಗುಂಡಿನಿಂದ ಮುರಿದಿದ್ದವು. ಅದು ಮನುಷ್ಯರ ಮೇಲೆ ಬೀಳಲು ಅದೇ ಕಾರಣವೆಂದು ಕಾರ್ಬೆಟ್ ಬರೆದಿದ್ದಾರೆ.

ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ?

ಶೂಟಿಂಗ್ ರೇಂಜಿನಲ್ಲಿ ಗುರಿಹಲಗೆಯ ಹಿಂದೆ ಮಣ್ಣಿನ ದಿಬ್ಬವೋ ಗೋಡೆಯೋ ಇರುತ್ತದೆ. ತಪ್ಪಿದ ಗುಂಡು ಅಲ್ಲಿಯೇ ಹುದುಗುತ್ತದೆ. ಹೊಲದಲ್ಲಿ ಅಂತಹ ತಡೆ ಇಲ್ಲ. .22 ಗುಂಡು ಚಿಕ್ಕದಾದರೂ ಮೇಲ್ಮುಖವಾಗಿ ಹಾರಿದರೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲುದು. ಕಲ್ಲಿಗೋ ಗಟ್ಟಿ ನೆಲಕ್ಕೋ ತಾಗಿದರೆ ಚಿಮ್ಮಿ ದಿಕ್ಕು ಬದಲಿಸುತ್ತದೆ. ಕೆಂಗೇರಿಯ ಸುತ್ತ ಯಾವುದೇ ಹೊಲದಲ್ಲಿ ನಿಂತು ಒಂದೂವರೆ ಕಿಲೋಮೀಟರ್ ತ್ರಿಜ್ಯದ ವೃತ್ತವನ್ನು ಮನಸ್ಸಿನಲ್ಲಿ ಎಳೆದು ನೋಡಿ. ಬಡಾವಣೆ, ಶಾಲೆ, ಮೈಸೂರು ರಸ್ತೆ, ರೈಲು ಹಳಿ, ಇವುಗಳಲ್ಲಿ ಒಂದಾದರೂ ಅದರೊಳಗೆ ಬರದೆ ಇರದು. ಹಂದಿ ತಿಂದ ರಾಗಿಯನ್ನು ಮುಂದಿನ ಮುಂಗಾರಿನಲ್ಲಿ ಮತ್ತೆ ಬೆಳೆಯಬಹುದು. ಹೋದ ಜೀವವನ್ನು ತರಲಾಗದು.

ಕೊಡಗಿನ ಉದಾಹರಣೆ

ಬೇಸಾಯಕ್ಕೂ ಕೋವಿಗೂ ಹಳೆಯ ನಂಟಿರುವುದು ನಮ್ಮ ರಾಜ್ಯದಲ್ಲಿ ಕೊಡಗಿನಲ್ಲಿ. ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತ ಹಬ್ಬದಂದು ಅಲ್ಲಿ ಆಯುಧಗಳಿಗೆ ಪೂಜೆ ನಡೆಯುತ್ತದೆ. ಹಿಂದೆ ಪೈರನ್ನು ಕಾಡುಹಂದಿಗಳಿಂದ ಕಾಯುವ ಕೆಲಸ ಆರಂಭವಾಗುತ್ತಿದ್ದುದು ಅಂದಿನಿಂದಲೇ. ಹಬ್ಬದ ಅಂಗವಾಗಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ಇಂದಿಗೂ ನಡೆಯುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ ವಿಸ್ತರಿಸಿತು.

ಆದರೆ ಈ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಬೇಟೆಗೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಡಗಿಗೂ ಕೆಂಗೇರಿಗೂ ಒಂದೇ. ಅಲ್ಲಿ ಗುರಿ ಉಳಿದದ್ದು ತೆಂಗಿನಕಾಯಿಯ ಮೇಲೆ, ಹಗಲಿನಲ್ಲಿ, ಗೊತ್ತಾದ ದೂರದಲ್ಲಿ.

ಕಾನೂನು ಏನು ಹೇಳುತ್ತದೆ?

1959ರ ಆಯುಧ ಕಾಯ್ದೆಯೇ ಈ ಎರಡು ಉಪಯೋಗಗಳನ್ನು ಬೇರೆಬೇರೆಯಾಗಿ ಕಂಡಿದೆ. ಅದರ 13ನೇ ಪ್ರಕರಣದ ಪ್ರಕಾರ, ಬೆಳೆ ರಕ್ಷಣೆಗಾಗಿ ನಳಿಕೆಯ ಬಾಯಿಂದ ಮದ್ದು ತುಂಬುವ ಕೋವಿಗೆ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಕೆಯ ಬಂದೂಕಿಗೆ ಪರವಾನಗಿ ಕೇಳಬಹುದು. ರೈಫಲ್ ಕ್ಲಬ್ಬಿನ ಸದಸ್ಯರಿಗೆ ಕೊಡುವ ಪರವಾನಗಿ ಗುರಿ ಅಭ್ಯಾಸಕ್ಕೆ. ಅಭ್ಯಾಸಕ್ಕೆ ಪಡೆದ ರೈಫಲ್ಲನ್ನು ಹೊಲ ಕಾಯಲು ಒಯ್ಯುವುದು ಆ ಪರವಾನಗಿಯ ಉದ್ದೇಶಕ್ಕೆ ಹೊರತಾದದ್ದು.

ಇನ್ನು ಪ್ರಾಣಿಯ ಮಾತು. ಬೆಳೆ ರಕ್ಷಣೆಯ ಪರವಾನಗಿ ಇದ್ದರೂ ಕಾಡುಹಂದಿಯನ್ನು ಹೊಡೆಯಲು ವನ್ಯಜೀವಿ ಕಾಯ್ದೆಯ 11ನೇ ಪ್ರಕರಣದಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಬೇಕು. ಕಾಯ್ದೆಯ ಕಣ್ಣಿಗೆ ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ಯತ್ನಿಸುವುದೂ, ಗಾಯಗೊಳಿಸುವುದೂ ಬೇಟೆಯೇ. ನವಿಲು ಮೊದಲನೆಯ ಪಟ್ಟಿಯಲ್ಲಿದೆ. ಅದನ್ನು ಏರ್‌ಗನ್ನಿನಿಂದ ಹೊಡೆದರೂ ಮೂರರಿಂದ ಏಳು ವರ್ಷದ ಸೆರೆವಾಸ ಹಾಗೂ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ಉಂಟು.

ಕಾಸರಗೋಡಿನ ಕನ್ನಡ ರೈತರಿಗೆ ಒಂದು ಮಾತು. ಕೇರಳ ಸರ್ಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಸ್ಥಾನ ಕೊಟ್ಟು, ಬೆಳೆ ಹಾಳುಮಾಡುವ ಕಾಡುಹಂದಿಗಳ ಬಗ್ಗೆ ಆದೇಶ ಹೊರಡಿಸುವ ಅಧಿಕಾರ ನೀಡಿತು. ಅಲ್ಲಿಯೂ ಹೊಡೆಯಬೇಕಾದವರು ಪರವಾನಗಿಯುಳ್ಳವರು; ವಿಷ, ಸಿಡಿಮದ್ದು, ವಿದ್ಯುತ್ತಿಗೆ ಅವಕಾಶವಿಲ್ಲ.

ಬೆಳೆ ಉಳಿಸಲು ಏನು ಮಾಡಬೇಕು?

ಒಂದು ಹಂದಿಯನ್ನು ಹೊಡೆದರೂ ಉಳಿದ ಹಿಂಡು ಮತ್ತೆ ಬರುತ್ತದೆ. ಆದುದರಿಂದ ಪ್ರಾಣಿ ಒಳಗೆ ಬಾರದಂತೆ ತಡೆಯುವುದೇ ಲಾಭದಾಯಕ.

ಅ) ಸೌರಬೇಲಿ: ಕಾಡುಹಂದಿ ಬೇಲಿಯನ್ನು ಹಾರುವುದಕ್ಕಿಂತ ನುಸುಳುವುದೇ ಹೆಚ್ಚು. ಆದ್ದರಿಂದ ಕೆಳಗಿನ ತಂತಿ ನೆಲದಿಂದ 15ರಿಂದ 20 ಸೆಂ.ಮೀ. ಎತ್ತರದಲ್ಲಿರಲಿ, ಅದರ ಮೇಲೆ ಇನ್ನೆರಡು ತಂತಿ ಇರಲಿ. ತಂತಿಗೆ ಕಳೆ ತಾಗದಂತೆ ವಾರಕ್ಕೊಮ್ಮೆ ಸವರಬೇಕು. ಭೂಸಂಪರ್ಕ ಒಣಗದಂತೆ ನೋಡಿಕೊಳ್ಳಬೇಕು. ಮಾನಕ ಗುರುತುಳ್ಳ ಉಪಕರಣವನ್ನೇ ಬಳಸತಕ್ಕದ್ದು. ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಅಪರಾಧ. ಅದರಿಂದ ಸತ್ತವರಲ್ಲಿ ರೈತರೇ ಇದ್ದಾರೆ.

ಆ) ಅಂಚಿನ ಬೆಳೆ: ನೆಲಗಡಲೆಯ ಸುತ್ತ ಹರಳಿನ ನಾಲ್ಕು ಸಾಲುಗಳನ್ನು ಒತ್ತಾಗಿ ಬಿತ್ತಿರಿ. ಹರಳನ್ನು ಹಂದಿ ಇಷ್ಟಪಡುವುದಿಲ್ಲ. ಒಳಗಿನ ಬೆಳೆಯ ವಾಸನೆಯೂ ಅದಕ್ಕೆ ಸಿಗುವುದಿಲ್ಲ. ಹಿಂಗಾರಿನಲ್ಲಿ ಮುಳ್ಳುಳ್ಳ ಕುಸುಬೆಯೂ ಆಗಬಹುದು.

ಇ) ಏಕಕಾಲದ ಬಿತ್ತನೆ: ಒಬ್ಬರೇ ಮುಂಚೆ ಬಿತ್ತಿದರೆ ಹಾವಳಿಯೆಲ್ಲ ಅವರ ಹೊಲಕ್ಕೇ. ಅಕ್ಕಪಕ್ಕದವರು ಒಟ್ಟಿಗೆ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ, ಕಾವಲೂ ಹಂಚಿಕೊಳ್ಳಬಹುದು.

ಈ) ಕಾವಲು: ಮುಸುಕಿನ ಜೋಳ ಹಾಲುಗಾಳಾಗುವಾಗ, ನೆಲಗಡಲೆ ಕಾಯಿ ಬಲಿಯುವಾಗ, ರಾಗಿ ತೆನೆ ತುಂಬುವಾಗ ಎರಡು ಮೂರು ವಾರ ಸರದಿಯ ಮೇಲೆ ಅಟ್ಟಣೆಯಲ್ಲಿ ಕಾವಲಿರಬೇಕು.

ಉ) ಪರಿಹಾರ: ಹಾನಿಯಾದ ಕೂಡಲೇ ಛಾಯಾಚಿತ್ರ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಿ. ಮಹಜರಿಗೆ ಮೊದಲು ಹೊಲ ಉಳಬೇಡಿ.

ನೆನಪಿನಲ್ಲಿಡಬೇಕಾದ ಅಂಶಗಳು

• ಗುರಿಹಲಗೆಯ ಅಂಕ ಹೊಲದ ನಿಖರತೆಯ ಅಳತೆಯಲ್ಲ.
• .22 ರಿಮ್‌ಫೈರ್ ಸ್ಪರ್ಧೆಯ ಸಾಧನ. ಕಾಡುಹಂದಿಗೆ ತಕ್ಕ ಆಯುಧವಲ್ಲ.
• ತಪ್ಪಿದ ಗುಂಡಿಗೆ ಹಿಂದೆ ತಡೆ ಇಲ್ಲದ ಕಡೆ ಯಾವ ಬಂದೂಕನ್ನೂ ಹಾರಿಸಬಾರದು.
• ಲಿಖಿತ ಅನುಮತಿ ಇಲ್ಲದೆ ಕಾಡುಪ್ರಾಣಿಗೆ ಗುರಿಯಿಡುವುದು ಅಪರಾಧ.
• ಬೇಲಿ, ಅಂಚಿನ ಬೆಳೆ, ಒಗ್ಗಟ್ಟಿನ ಕಾವಲು ಇವು ಕೋವಿಗಿಂತ ಹೆಚ್ಚು ಕಾಳು ಉಳಿಸುತ್ತವೆ.

ನಿಮ್ಮ ಮಗನೋ ಮಗಳೋ ರೈಫಲ್ ಕ್ಲಬ್ಬಿನಲ್ಲಿ ಚೆನ್ನಾಗಿ ಹೊಡೆಯುತ್ತಿದ್ದರೆ ಸಂತೋಷದಿಂದ ಪ್ರೋತ್ಸಾಹಿಸಿರಿ. ಕೊಲ್ಹಾಪುರದ ಹಳ್ಳಿಯ ಹುಡುಗ ಪ್ಯಾರಿಸ್ ತಲುಪಿದಂತೆ ಕೆಂಗೇರಿಯ ಹುಡುಗಿಯೂ ತಲುಪಬಹುದು. ಆದರೆ ಆ ರೈಫಲ್ಲು ರೇಂಜಿನಲ್ಲಿಯೇ ಇರಲಿ. ಹೊಲದ ಕಾವಲಿಗೆ ಈ ಮುಂಗಾರಿನ ಬಿತ್ತನೆಗೆ ಮೊದಲೇ ನೆರೆಯವರೊಂದಿಗೆ ಕುಳಿತು ಬೇಲಿಯ ಲೆಕ್ಕ ಹಾಕಿರಿ.