ಬೆಟಗೇರಿಯಿಂದ ದುಬೈಗೆ: ಸಭಾಸೇವೆ ಕಲಿಸಿದ ಆರು ಪಾಠ

ನಾನು ಗದಗ-ಬೆಟಗೇರಿಯಲ್ಲಿ ಹುಟ್ಟಿದವನು. ಲೆಕ್ಕಪತ್ರದ ಕೆಲಸ ಹಿಡಿದು ದುಬೈಗೆ ಬಂದೆ. ಈಗ ಇಲ್ಲಿನ ಸಣ್ಣದೊಂದು ಕನ್ನಡ ಕ್ರೈಸ್ತ ಸಭೆಗೆ ಅಯ್ಯನವರು, ಅಂದರೆ ಪಾದ್ರಿ. ಊರಿಗೆ ಹೋದಾಗಲೆಲ್ಲ ಹುಡುಗರು ಕೇಳುತ್ತಾರೆ, "ನಿಮಗೆ ದೇವರ ಕರೆ ಹೆಂಗ ಬಂತ್ರೀ ಅಯ್ಯನವರೇ?" ಅಶರೀರವಾಣಿ ಏನೂ ಕೇಳಿಸಲಿಲ್ಲ. ಕೈಗೆ ಬಂದ ಕೆಲಸ ಮಾಡುತ್ತ ಹೋದೆ, ಅದು ಕರೆ ಎಂದು ಉಳಿದವರು ಗುರುತಿಸಿದರು. ಈ ದಾರಿಗೆ ಬರಬೇಕೆಂದಿರುವವರಿಗೆ ಉಪಯೋಗವಾದೀತೆಂದು ಕಲಿತದ್ದನ್ನು ಬರೆದಿಡುತ್ತಿದ್ದೇನೆ.

1. ಮಕ್ಕಳಿಗೆ ಬಾಯಿಪಾಠ ಮಾಡಿಸಿ

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಬೆಟಗೇರಿಯಲ್ಲಿ ಠಾಣೆ ಹೂಡಿದರು. ಅಲ್ಲಿಂದ ಬಂದ ಬಾಯಿಪಾಠದ ಪದ್ಧತಿ ನಮ್ಮ ಮನೆಯಲ್ಲಿ ಗಟ್ಟಿಯಾಗಿತ್ತು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ 23 ಮತ್ತು 121ನೇ ಕೀರ್ತನೆ ತಡವರಿಸದೆ ಹೇಳುತ್ತಿದ್ದಳು. ಮೊಮ್ಮಕ್ಕಳು ಒಪ್ಪಿಸಿದ ಮೇಲೆಯೇ ಗಂಗಾಳಕ್ಕೆ ರೊಟ್ಟಿ ಬೀಳುತ್ತಿತ್ತು. ಅರ್ಥ ತಿಳಿಯದ್ದನ್ನು ಗಿಣಿಪಾಠ ಮಾಡಿಸಬಾರದು ಎನ್ನುವವರಿದ್ದಾರೆ. ಐಸಿಯುನಲ್ಲಿ ಮಲಗಿದವರ ಪಕ್ಕ ನಿಂತು ನೋಡಿ. ಪ್ರಸಂಗಕ್ಕೆ ಅಲ್ಲಿ ಜಾಗವಿಲ್ಲ. ಕೀರ್ತನೆ ಶುರು ಮಾಡಿದರೆ, ಮಾತು ನಿಂತ ರೋಗಿಯ ತುಟಿಯೂ ಅಲ್ಲಾಡುತ್ತದೆ.

2. ಊರಿನ ಸಭೆಯನ್ನು ಇಡಿಯಾಗಿ ಹೊತ್ತು ತರಬೇಡಿ

ದುಬೈನ ಊದ್ ಮೇಥಾದಲ್ಲಿರುವ ಹೋಲಿ ಟ್ರಿನಿಟಿ ಚರ್ಚಿನ ಆವರಣವನ್ನು ನೋಡಿದರೆ ವಿಷಯ ತಿಳಿಯುತ್ತದೆ. ಒಂದೇ ಕಾಂಪೌಂಡಿನಲ್ಲಿ ಹತ್ತಾರು ಭಾಷೆಯ ಸಭೆಗಳು, ಒಂದೊಂದಕ್ಕೂ ಗಡಿಯಾರ ನೋಡಿ ಹಂಚಿದ ಸಮಯ. ನಿಮ್ಮ ಕೊನೆಯ ಸಂಗೀತ ಮುಗಿಯುವ ಮೊದಲೇ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಹಿಂದೆ ಎಲ್ಲರಿಗೂ ಶುಕ್ರವಾರವೇ ಆರಾಧನೆ. 2022ರ ಜನವರಿಯಲ್ಲಿ ಸರ್ಕಾರ ವಾರದ ರಜೆಯನ್ನು ಶನಿವಾರ-ಭಾನುವಾರಕ್ಕೆ ಬದಲಿಸಿದ ಮೇಲೆ ಕೆಲವರಿಗೆ ಭಾನುವಾರ ಅನುಕೂಲ, ಕೆಲವರಿಗೆ ಇನ್ನೂ ಶುಕ್ರವಾರವೇ ಆಗಬೇಕು.

ಹೀಗಿರುವಾಗ ಉದ್ದುದ್ದ ಪ್ರಕಟಣೆ, ವಂದನಾರ್ಪಣೆ, ಹಾರ-ಶಾಲು ಎಲ್ಲ ಬಿಡಬೇಕಾಯಿತು, ಯಾರಿಗೂ ಬೇಸರವಾಗಲಿಲ್ಲ. ಸುಗ್ಗಿ ಹಬ್ಬದ ಲಿಲಾವು ಮಾತ್ರ ಬಿಡಲಿಲ್ಲ. ಸೂಪರ್‌ಮಾರ್ಕೆಟ್ಟಿನಿಂದ ತಂದ ಕುಂಬಳಕಾಯಿಗೆ ಕೂಗುವ ಬೆಲೆಯಲ್ಲಿ ಊರಲ್ಲಿ ಒಂದು ಚೀಲ ಜೋಳ ಬಂದೀತು. ಆ ಗದ್ದಲದಲ್ಲಿ ಹೊಸಬರು ಒಂದೇ ದಿನಕ್ಕೆ ನಮ್ಮವರಾಗಿಬಿಡುತ್ತಾರೆ.

3. ಆ ದೇಶದ ಕಾನೂನು ಮೊದಲು ತಿಳಿಯಿರಿ

ಯುಎಇಯಲ್ಲಿ ಆರಾಧನೆಗೆ ಅನುಮತಿ ಪಡೆದ ಜಾಗಗಳಿವೆ, ಅಲ್ಲಿ ಯಾರ ಅಡ್ಡಿಯೂ ಇಲ್ಲ. ಮುಸ್ಲಿಮರನ್ನು ಮತಾಂತರಿಸಲು ಯತ್ನಿಸುವುದು ಅಪರಾಧ. ಹಣ ಎತ್ತುವುದಕ್ಕೂ ಕಟ್ಟುನಿಟ್ಟಿದೆ: 2021ರ ಕಾನೂನಿನ ಪ್ರಕಾರ ಪರವಾನಗಿ ಪಡೆದ ಸಂಸ್ಥೆಗಳು ಮಾತ್ರ ದೇಣಿಗೆ ಸಂಗ್ರಹಿಸಬಹುದು. ಯಾರದೋ ಆಪರೇಷನ್ನಿಗೆಂದು ವಾಟ್ಸಾಪ್‌ನಲ್ಲಿ ಖಾತೆ ನಂಬರು ಹಾಕಿದರೂ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೀರಿ. ಉತ್ಸಾಹಿ ಯುವಕರಿಗೆ ಇದನ್ನು ಮೊದಲ ವಾರವೇ ಕೂರಿಸಿ ಹೇಳಿ.

4. ಕಾಗದಪತ್ರದ ಓಡಾಟವೂ ಸೇವೆಯೇ

ನನ್ನನ್ನು ಸಭಾಸೇವೆಗೆ ಎಳೆದದ್ದು ಸಾವಿನ ಮನೆಗಳು. ಇಲ್ಲಿ ಒಬ್ಬರು ತೀರಿಕೊಂಡರೆ ಆಸ್ಪತ್ರೆಯ ವರದಿ, ಪೊಲೀಸರ ಪತ್ರ, ಮರಣ ಪ್ರಮಾಣಪತ್ರ ಆಗಬೇಕು. ಭಾರತೀಯ ಕಾನ್ಸುಲೇಟಿನಲ್ಲಿ ಸಾವನ್ನು ನೋಂದಾಯಿಸಿ, ಪಾಸ್‌ಪೋರ್ಟ್ ರದ್ದು ಮಾಡಿಸಿ, ನಿರಾಕ್ಷೇಪಣಾ ಪತ್ರ ಪಡೆಯಬೇಕು. ದುಬೈನ ಮುಹೈಸ್ನಾ ಬಡಾವಣೆಯಲ್ಲಿ ದೇಹ ಕೆಡದಂತೆ ಎಂಬಾಮಿಂಗ್ ಆದ ನಂತರ ವಿಮಾನದ ಕಾರ್ಗೋ. ಖರ್ಚಿಗೆ ದಿಕ್ಕಿಲ್ಲದವರಿಗೆ ಭಾರತ ಸರ್ಕಾರ 2009ರಲ್ಲಿ ಆರಂಭಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಸಿಗುತ್ತದೆ; ಕೇಳಿ ಪಡೆಯಬೇಕು.

ಒಮ್ಮೆ ಹುನಗುಂದ ಕಡೆಯ ಗಾರೆ ಕೆಲಸದವನೊಬ್ಬ ತೀರಿಕೊಂಡ. ನಮ್ಮ ಸಭೆಯವನಲ್ಲ, ಕ್ರೈಸ್ತನೂ ಅಲ್ಲ. ತಾಯಿಗೆ ಹೇಳಲು ಕನ್ನಡ ಬಲ್ಲವರು ಬೇಕೆಂದು ಕಂಪನಿಯವರು ಕರೆದರು. ಫೋನಿನಲ್ಲಿ ಮೊದಲು ಕೇಳಿದೆ, "ಯವ್ವಾ, ಬಾಜೂಕ ಯಾರರ ಅದಾರೇನು? ಅವರ ಕೈಯಾಗ ಫೋನ್ ಕೊಡು." ಆ ಕಡೆಯಿಂದ ಒಂದೇ ಪ್ರಶ್ನೆ ಬಂತು: "ನನ್ನ ಮಗಗ ಏನಾಗೇತ್ರೀ?" ಹೆತ್ತವರಿಗೆ ಸುದ್ದಿ ಹೇಳುವ ಮೊದಲು ಅವರ ಪಕ್ಕ ಒಬ್ಬರಿರುವಂತೆ ನೋಡಿಕೊಳ್ಳುವುದನ್ನು ಇಂದಿಗೂ ತಪ್ಪಿಸುವುದಿಲ್ಲ. ಸತ್ತವನು ಯಾವ ಜಾತಿ, ಯಾವ ಧರ್ಮ ಎಂದು ಆ ಹೊತ್ತಿನಲ್ಲಿ ವಿಚಾರಿಸುವವನಿಗೆ ಸಭಾಸೇವೆ ಒಗ್ಗುವುದಿಲ್ಲ.

5. ನಿಮ್ಮ ಕರೆಯನ್ನು ಸಭೆ ಒರೆಗೆ ಹಚ್ಚಲಿ

ದೇವರು ಹೇಳಿದ ಎಂದು ನಾಳೆಯೇ ಬೋರ್ಡು ತಗುಲಿಸುವವರು ಎಲ್ಲ ಕಡೆ ಇದ್ದಾರೆ. ನಮ್ಮ ದಕ್ಷಿಣ ಭಾರತ ಸಭೆಯ ಕ್ರಮ ನಿಧಾನದ್ದು: ಸ್ಥಳೀಯ ಸಭೆಯ ಶಿಫಾರಸು, ಧರ್ಮಪ್ರಾಂತ್ಯದ ಆಯ್ಕೆ, ದೇವಶಾಸ್ತ್ರದ ಓದು, ಮೊದಲು ಡೀಕನ್, ಆಮೇಲೆ ಪ್ರೆಸ್ಬಿಟರ್. ಕನ್ನಡದವರಿಗೆ ಮಂಗಳೂರಿನ ಬಲ್ಮಠದಲ್ಲಿ 1965ರಲ್ಲಿ ಶುರುವಾದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿದೆ, ಪದವಿ ಸೆರಾಂಪುರ ವಿಶ್ವವಿದ್ಯಾಲಯದ್ದು. ನಾನು ಕೆಲಸ ಬಿಟ್ಟು ಅಲ್ಲಿ ಓದುವಾಗ ಮನೆ ನಡೆದದ್ದು ನರ್ಸಾಗಿರುವ ಹೆಂಡತಿಯ ಸಂಬಳದಲ್ಲಿ. ಆದ್ದರಿಂದ ಬಿಷಪ್ಪರ ಒಪ್ಪಿಗೆಗಿಂತ ಮೊದಲು ಮನೆಯವರ ಒಪ್ಪಿಗೆ ಕೇಳಿ, ಸಾಲ-ಸೋಲದ ಲೆಕ್ಕವನ್ನೂ ಅವರ ಮುಂದಿಡಿ.

6. ಇಲ್ಲಿ ಯಾರೂ ಕಾಯಂ ಅಲ್ಲವೆಂದು ವ್ಯವಸ್ಥೆ ಮಾಡಿ

ಕೊಲ್ಲಿಯಲ್ಲಿ ವೀಸಾ ನಿಂತಿರುವುದು ನೌಕರಿಯ ಮೇಲೆ. ನೌಕರಿ ಹೋದರೆ ಸಭೆಯ ಖಜಾಂಚಿಯೂ ಹೊರಡಬೇಕು, ಸಂಗೀತ ಎತ್ತಿಕೊಡುವವಳೂ ಹೊರಡಬೇಕು. ಲೆಕ್ಕಪುಸ್ತಕ, ಕಪಾಟಿನ ಕೀಲಿ, ಸಂಡೇ ಸ್ಕೂಲ್ ಎಲ್ಲಕ್ಕೂ ಇಬ್ಬಿಬ್ಬರನ್ನು ತಯಾರು ಮಾಡಿ. ಅಯ್ಯನವರ ಕೆಲಸಕ್ಕೂ ಇದೇ ಮಾತು. ನೀವಿಲ್ಲದ ವಾರ ಆರಾಧನೆ ಸರಾಗ ನಡೆದರೆ ನಿಮ್ಮ ಸೇವೆ ಚೆನ್ನಾಗಿದೆ ಎಂದು ತಿಳಿಯಿರಿ.

ಊರಿನ ಅಯ್ಯನವರಿಗೂ ಸಭಾ ಹಿರಿಯರಿಗೂ ಒಂದು ವಿನಂತಿ. ನಿಮ್ಮ ಹುಡುಗ ಹುಡುಗಿಯರು ಕೊಲ್ಲಿಗೆ ಹೊರಟಾಗ ಪ್ರಾರ್ಥನೆ ಮಾಡಿ ಕಳಿಸುತ್ತೀರಿ, ಒಳ್ಳೆಯದು. ಜೊತೆಗೆ ಸಭಾ ಸದಸ್ಯತ್ವದ ಪತ್ರವೊಂದನ್ನು ಕೊಡಿ, ಹೋಗುವ ಊರಿನ ಕನ್ನಡ ಸಭೆಗೆ ಒಂದು ಫೋನ್ ಮಾಡಿ. ಅವರನ್ನು ಹುಡುಕಿಕೊಂಡು ಹೋಗುವ ಕೆಲಸ ನಮ್ಮದು.