ವಿದೇಶಿ ಪೋಸ್ಟಿಂಗ್‌ನ ನಿಜವಾದ ಖರ್ಚು

ಮಾರತ್ತಹಳ್ಳಿಯ ಒಂದು ಕಡೆ ಎಚ್‌ಎಎಲ್ ಕಾಂಪೌಂಡ್, ಹಳೆಯ ವಿಮಾನ ನಿಲ್ದಾಣ, ವಾಯುಪಡೆಯ ವಿಮಾನ ಪರೀಕ್ಷಾ ಕೇಂದ್ರ. ಇನ್ನೊಂದು ಕಡೆ ರಿಂಗ್ ರೋಡಿನ ಉದ್ದಕ್ಕೂ ಐಟಿ ಪಾರ್ಕುಗಳು. ಹೀಗಾಗಿ ಒಬ್ಬರು ಸಮವಸ್ತ್ರ ತೊಟ್ಟು, ಇನ್ನೊಬ್ಬರು ಕೊರಳಿಗೆ ಕಂಪನಿಯ ಐಡಿ ಕಾರ್ಡ್ ಹಾಕಿಕೊಂಡು ಬೆಳಿಗ್ಗೆ ಮನೆ ಬಿಡುವ ದಂಪತಿ ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಅಪರೂಪವಲ್ಲ. ಇಂಥ ಮನೆಗೆ ವಿದೇಶಿ ಪೋಸ್ಟಿಂಗ್ ಆದೇಶ ಬಂದರೆ ಹಣದ ಬಗ್ಗೆ ಮೊದಲು ಆಗುವ ತೀರ್ಮಾನ ಹೆಚ್ಚು ಕಡಿಮೆ ಒಂದೇ: ಭತ್ಯೆ ಚೆನ್ನಾಗಿ ಸಿಗುತ್ತದೆ, ಅಲ್ಲಿ ಸುಮ್ಮನೆ ಸುತ್ತಾಡಿ ಕಳೆಯುವುದು ಬೇಡ, ವಾಪಸ್ ಬರುವಾಗ ಒಂದು ಗಂಟು ಕೈಯಲ್ಲಿರಲಿ. ಮನೆಯ ಹಿರಿಯರು ಹೇಳುವುದೂ ಇದನ್ನೇ. ನೌಕರಿಯಲ್ಲಿರುವ ದಂಪತಿಗಳ ಜಮಾಖರ್ಚನ್ನು ಹಲವು ವರ್ಷ ಹತ್ತಿರದಿಂದ ನೋಡುತ್ತಾ ಬಂದ ನನಗೆ ಈ ತೀರ್ಮಾನ ತಪ್ಪು ಜಾಗದಲ್ಲಿ ಕತ್ತರಿ ಹಾಕುತ್ತದೆ ಅನ್ನಿಸಿದೆ. ವಿದೇಶಿ ಪೋಸ್ಟಿಂಗ್‌ನಲ್ಲಿ ಮನೆಯ ಹಣ ಕರಗುವುದು ವಾರಾಂತ್ಯದ ಸುತ್ತಾಟದಿಂದಲ್ಲ. ಜೊತೆಗೆ ಹೋಗುವವರ ಸಂಬಳ ನಿಲ್ಲುವುದರಿಂದ, ಆಮೇಲೆ ಬೀಗ ಹಾಕಿಟ್ಟ ಮನೆಯಿಂದ. ಇವೆರಡನ್ನೂ ಲೆಕ್ಕಕ್ಕೆ ತರದೆ ಸುತ್ತಾಟಕ್ಕೆ ಮಾತ್ರ ಕಡಿವಾಣ ಹಾಕಿದವರಿಗೆ ದುಡ್ಡೂ ಉಳಿಯುವುದಿಲ್ಲ, ಆ ಊರೂ ದಕ್ಕುವುದಿಲ್ಲ.

ವಿದೇಶಿ ಪೋಸ್ಟಿಂಗ್ ಅಂದರೆ ಎಲ್ಲವೂ ಒಂದೇ ಅಲ್ಲ. ವಿಶ್ವಸಂಸ್ಥೆಯ ಶಾಂತಿಪಡೆಗೆ, ಲೆಬನಾನಿಗೋ ದಕ್ಷಿಣ ಸುಡಾನಿಗೋ, ಹೋಗುವ ಯೋಧರಿಗೆ ಸಂಸಾರ ಕರೆದೊಯ್ಯುವ ಅವಕಾಶವಿಲ್ಲ. ಅವರಿಗೆ ವಿಶ್ವಸಂಸ್ಥೆಯೇ ನೇರವಾಗಿ ಡಾಲರ್‌ನಲ್ಲಿ ಸಂಬಳ ಕೊಡುತ್ತದೆ ಎಂಬ ಮಾತು ಜನರಲ್ಲಿದೆ, ಅದು ಸರಿಯಲ್ಲ. ಒಬ್ಬ ಯೋಧನಿಗೆ ತಿಂಗಳಿಗೆ ಸುಮಾರು 1,400 ಡಾಲರ್ ಲೆಕ್ಕದಲ್ಲಿ ವಿಶ್ವಸಂಸ್ಥೆ ಆಯಾ ದೇಶದ ಸರ್ಕಾರಕ್ಕೆ ಹಣ ತುಂಬಿಕೊಡುತ್ತದೆ. ಯೋಧನಿಗೆ ಎಷ್ಟು ಅನ್ನುವುದನ್ನು ಅವನ ದೇಶವೇ ತನ್ನ ಶ್ರೇಣಿ, ನಿಯಮ ನೋಡಿ ತೀರ್ಮಾನಿಸುತ್ತದೆ. ಸಂಸಾರ ಸಮೇತ ಹೋಗುವ ಅವಕಾಶ ಹೆಚ್ಚಾಗಿ ಸಿಗುವುದು ರಾಯಭಾರ ಕಚೇರಿಗಳ ಸೇನಾ ವಿಭಾಗಗಳಲ್ಲಿ, ದೀರ್ಘಾವಧಿಯ ತರಬೇತಿಗಳಲ್ಲಿ, ನೆರೆಯ ಭೂತಾನ್‌ನಂಥ ಕಡೆಗಳಲ್ಲಿ. ಭೂತಾನ್‌ನ ಹಾ ಕಣಿವೆಯಲ್ಲಿ ಭಾರತೀಯ ಸೇನೆಯ ತರಬೇತಿ ತಂಡ ನೆಲೆಸಿದ್ದು 1962ರಲ್ಲಿ. ಗಡಿ ರಸ್ತೆ ಸಂಸ್ಥೆಯ ದಂತಕ್ ಯೋಜನೆ ಅದಕ್ಕಿಂತ ಒಂದು ವರ್ಷ ಮೊದಲೇ ಅಲ್ಲಿ ಕೆಲಸ ಶುರು ಮಾಡಿತ್ತು.

ಕನ್ನಡ ನಾಡಿನ ಸೈನಿಕರ ಮನೆಗಳಿಗೆ ಪರದೇಶದ ಹುದ್ದೆ ಹೊಸತಲ್ಲ. ಕೊಡಗಿನ ಜನರಲ್ ತಿಮ್ಮಯ್ಯನವರು 1964ರಿಂದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸಿದರು, 1965ರ ಡಿಸೆಂಬರ್‌ನಲ್ಲಿ ಆ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಜನರಲ್ ಕಾರ್ಯಪ್ಪನವರು ಸೇನೆಯಿಂದ ನಿವೃತ್ತಿಯಾದ ನಂತರ 1953ರಿಂದ 1956ರವರೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೈಕಮಿಷನರ್ ಆಗಿದ್ದರು. ಆ ಕಾಲದಲ್ಲಿ ಸೇನೆಯವರ ಮನೆಗಳಿಗೆ ಸಾಮಾನ್ಯವಾಗಿ ಬರುತ್ತಿದ್ದದ್ದು ಒಂದೇ ಸಂಬಳ. ಪೋಸ್ಟಿಂಗ್ ಆದರೆ ಆ ಸಂಬಳ ಜೊತೆಗೇ ಬರುತ್ತಿತ್ತು, ಮೇಲೆ ಭತ್ಯೆ ಸೇರುತ್ತಿತ್ತು. ಕಡಿಮೆ ಮಾಡಬಹುದಾದದ್ದು ಊಟ, ಉಡುಪು, ತಿರುಗಾಟ ಇಷ್ಟೇ. ‘ಸುತ್ತಾಟ ಬಿಡಿ, ಉಳಿಸಿ’ ಅನ್ನುವ ಬುದ್ಧಿವಾದ ಆ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಿತ್ತು. ಎರಡು ಸಂಬಳದ ಇಂದಿನ ಮಾರತ್ತಹಳ್ಳಿ ಮನೆಗೆ ಅದನ್ನೇ ಹಾಗೇ ತಂದು ಹೊಂದಿಸಿದರೆ ದೊಡ್ಡ ಅಂಕಿ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಅಂಕಿಗಳನ್ನೇ ಇಟ್ಟು ನೋಡೋಣ. ಹೆಂಡತಿ ರಿಂಗ್ ರೋಡಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾರೆ, ಕೈಗೆ ಬರುವ ಸಂಬಳ ತಿಂಗಳಿಗೆ 80,000 ರೂಪಾಯಿ, ಮೂಲ ವೇತನ 40,000 ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಪೋಸ್ಟಿಂಗ್ 30 ತಿಂಗಳು. ಅವರು ರಾಜೀನಾಮೆ ಕೊಟ್ಟು ಜೊತೆಗೆ ಹೋದರೆ ನಿಲ್ಲುವ ಸಂಬಳ 24 ಲಕ್ಷ. ಕಂಪನಿ ಭವಿಷ್ಯನಿಧಿಗೆ ಹಾಕುತ್ತಿದ್ದ ಶೇ 12ರ ಪಾಲು ತಿಂಗಳಿಗೆ 4,800, ಒಟ್ಟು 1.44 ಲಕ್ಷ. ಖಾಯಂ ನೌಕರಿಯಲ್ಲಿ ಐದು ವರ್ಷ ತುಂಬುವ ಮೊದಲೇ ಬಿಟ್ಟರೆ ಗ್ರಾಚುಯಿಟಿಯೂ ಹೋಯಿತು. ಮರಳಿ ಬಂದು ಹಳೆಯದಕ್ಕಿಂತ ಶೇ 10ರಷ್ಟು ಕಡಿಮೆ ಸಂಬಳಕ್ಕೆ ಸೇರಬೇಕಾಗಿ ಬಂದರೆ ವರ್ಷಕ್ಕೆ ಇನ್ನೂ 96,000 ಖೋತಾ, ಅದೂ ಎಷ್ಟು ವರ್ಷ ನಡೆಯುತ್ತದೋ ಹೇಳಲಾಗದು. ಈಗ ಸುತ್ತಾಟದ ಲೆಕ್ಕ. ಪೆಟ್ರೋಲ್, ಟಿಕೆಟ್, ಹೊರಗಿನ ಊಟ, ಆಗೀಗ ಒಂದು ರಾತ್ರಿಯ ವಸತಿ ಎಲ್ಲಾ ಸೇರಿ ತಿಂಗಳಿಗೆ 10,000 ಎಂದರೂ 30 ತಿಂಗಳಿಗೆ 3 ಲಕ್ಷ. ಅದನ್ನು ಬಿಗಿ ಹಿಡಿದು ಅರ್ಧಕ್ಕಿಳಿಸಿದರೆ ಉಳಿಯುವುದು ಒಂದೂವರೆ ಲಕ್ಷ. ಅದೇ ಹೆಂಡತಿ ಎರಡು ತಿಂಗಳು ಮೊದಲೇ ಕೆಲಸಕ್ಕೆ ಮರಳಿದರೆ ಮನೆಗೆ ಬರುವುದು 1.6 ಲಕ್ಷ. ಎರಡೂವರೆ ವರ್ಷ ಇಬ್ಬರೂ ಮನಸ್ಸು ಹಿಡಿದಿಟ್ಟುಕೊಂಡು ಉಳಿಸುವುದಕ್ಕಿಂತ ಎರಡು ತಿಂಗಳ ಸಂಬಳವೇ ಹೆಚ್ಚು. ಅಂಕಿಗಳನ್ನು ನಿಮ್ಮ ಮನೆಗೆ ತಕ್ಕಂತೆ ಬದಲಿಸಿಕೊಳ್ಳಿ. ಪ್ರಮಾಣ ಬಹುತೇಕ ಹೀಗೆಯೇ ಇರುತ್ತದೆ.

ಈ ಪೆಟ್ಟು ನಮ್ಮವರಿಗೆ ಮಾತ್ರ ಬೀಳುವುದಲ್ಲ. ಅತಿ ಹೆಚ್ಚು ಸೈನಿಕ ಕುಟುಂಬಗಳನ್ನು ಹೊರದೇಶಗಳಲ್ಲಿ ಇಟ್ಟಿರುವ ಅಮೆರಿಕದ ರಕ್ಷಣಾ ಇಲಾಖೆ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸೈನಿಕರ ಪತಿ-ಪತ್ನಿಯರ ನಿರುದ್ಯೋಗ ಶೇ 21 ಇತ್ತು. ಅದಕ್ಕೂ ಮೊದಲಿನ 2019ರ ಸಮೀಕ್ಷೆಯಲ್ಲಿ ಶೇ 22. ಅವರಿಗೆ ಸೌಲಭ್ಯಗಳಿಗೇನೂ ಕೊರತೆಯಿಲ್ಲ: ನೆಲೆಯೊಳಗೇ ಅಗ್ಗದ ದಿನಸಿ ಅಂಗಡಿ, ಕಡಿಮೆ ದರದ ಪ್ರವಾಸ ಏರ್ಪಡಿಸುವ ಕಚೇರಿ, ವಿನಿಮಯ ದರ ಏರಿಳಿದಂತೆ ಏರಿಳಿಯುವ ಜೀವನ ವೆಚ್ಚ ಭತ್ಯೆ. ಇಷ್ಟಿದ್ದರೂ ಕೆಲಸ ಕಳೆದುಕೊಂಡ ಸಂಗಾತಿಯ ಸಮಸ್ಯೆ ಬಗೆಹರಿದಿಲ್ಲ. ಅವರ ವಸತಿ ಭತ್ಯೆಯ ನಿಯಮದಲ್ಲೂ ನಮಗೆ ಪಾಠವಿದೆ. ಸ್ವದೇಶದಲ್ಲಿ ಭತ್ಯೆಗಿಂತ ಕಡಿಮೆ ಬಾಡಿಗೆಯ ಮನೆ ಹಿಡಿದರೆ ಉಳಿದ ದುಡ್ಡು ಸೈನಿಕನದೇ. ಹೊರದೇಶದಲ್ಲಿ ಒಂದು ಮಿತಿಯವರೆಗೆ, ನಿಜವಾಗಿ ಕೊಟ್ಟ ಬಾಡಿಗೆಯಷ್ಟೇ ಸಿಗುತ್ತದೆ. ಅಲ್ಲಿ ಚಿಕ್ಕ ಮನೆ ಹಿಡಿದು ಮುದುಡಿಕೊಂಡರೆ ಕೈಗೆ ಬರುವುದು ಏನೂ ಇಲ್ಲ. ಯಾವ ಭತ್ಯೆಯನ್ನು ಉಳಿಸಿದರೆ ನಮ್ಮದಾಗುತ್ತದೆ, ಯಾವುದು ಖರ್ಚಾದಷ್ಟೇ ಬರುತ್ತದೆ ಅನ್ನುವುದನ್ನು ಆದೇಶದ ಪ್ರತಿ ಕೈಗೆ ಬಂದ ದಿನವೇ ಕೇಳಿ ತಿಳಿಯಬೇಕು. ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಯನ್ನೇ ಕೇಳಿರುವುದಿಲ್ಲ.

ಇನ್ನು ಸುತ್ತಾಟ. ಭೂತಾನ್‌ನ ಉದಾಹರಣೆ ನನಗೆ ಇಷ್ಟ, ಏಕೆಂದರೆ ಅಲ್ಲಿ ವಿನಿಮಯ ದರದ ಗೊಂದಲವೇ ಇಲ್ಲ. 1974ರಲ್ಲಿ ಬಳಕೆಗೆ ಬಂದ ಅಲ್ಲಿನ ನುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ, ಒಂದಕ್ಕೆ ಒಂದು. ಹಾ ಕಣಿವೆಯ ಕ್ವಾರ್ಟರ್ಸ್‌ನಲ್ಲಿರುವ ದಂಪತಿ ರಜೆಯ ದಿನ ಬೆಳಿಗ್ಗೆ ಫ್ಲಾಸ್ಕಿಗೆ ಚಹಾ ತುಂಬಿ, ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡು, ನಾಲ್ಕು ಸಾವಿರ ಮೀಟರಿಗೆ ಹತ್ತಿರದ ಚೆಲೆ ಲಾ ಕಣಿವೆದಾರಿ ಹತ್ತಿ, ಅತ್ತ ಪಾರೋಗೆ ಇಳಿದು ಸಂಜೆಗೆ ಮರಳಬಹುದು. ಖರ್ಚು ಅಂದರೆ ವಾಹನದ ಇಂಧನ, ಪಾರೋದಲ್ಲೊಂದು ಊಟ. ಮಾರತ್ತಹಳ್ಳಿ ಸೇತುವೆಯ ಟ್ರಾಫಿಕ್ಕಿನಲ್ಲಿ ಒಂದು ತಾಸು ಕಳೆದು ಮಾಲ್‌ಗೆ ಹೋಗಿ ಸಿನಿಮಾ ನೋಡಿ ಊಟ ಮುಗಿಸಿ ಬರುವುದಕ್ಕಿಂತ ಇದೇನೂ ದುಬಾರಿಯಲ್ಲ. ಅಲ್ಲಿ ದುಡ್ಡು ನಿಜವಾಗಿ ಸೋರುವುದು ನೆಂಟರು ಬಂದಾಗ. ಭೂತಾನ್‌ಗೆ ಪ್ರವಾಸಿಗಳಾಗಿ ಬರುವ ಭಾರತೀಯರು ತಲೆಗೆ, ರಾತ್ರಿಯೊಂದಕ್ಕೆ 1,200 ರೂಪಾಯಿ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಅಪ್ಪ-ಅಮ್ಮ, ಅತ್ತೆ-ಮಾವ ನಾಲ್ವರೂ ಐದು ರಾತ್ರಿಗೆ ಬಂದರೆ ಶುಲ್ಕವೇ 24,000. ಬಾಗ್‌ಡೋಗ್ರಾವರೆಗೆ ವಿಮಾನ, ಅಲ್ಲಿಂದ ಫುಂಟ್‌ಶೋಲಿಂಗ್ ದಾಟಿ ಬರುವ ಟ್ಯಾಕ್ಸಿ ಬೇರೆ. ಹಿರಿಯರನ್ನು ಕರೆಸಬೇಡಿ ಅನ್ನುವುದಿಲ್ಲ, ಕರೆಸಲೇಬೇಕು. ಆದರೆ ಅದನ್ನು ದಂಪತಿಯ ಸುತ್ತಾಟದ ಖಾತೆಯಲ್ಲಿ ಬರೆದು, ‘ನೋಡಿ, ತಿರುಗಾಟಕ್ಕೆ ಎಷ್ಟು ಖರ್ಚಾಯಿತು’ ಎಂದು ಮುಂದಿನ ಆರು ತಿಂಗಳು ಮನೆಯಲ್ಲೇ ಕೂರುವುದು ತಪ್ಪು ಲೆಕ್ಕ. ಅದಕ್ಕೆ ಬೇರೆಯದೇ ಖಾತೆ ಬೇಕು, ಹೊರಡುವ ಮೊದಲೇ ಬೇಕು.

ಲಂಡನ್, ವಾಷಿಂಗ್ಟನ್‌ನಂಥ ಊರುಗಳಲ್ಲಿ ತೊಂದರೆ ಬೇರೆ ಬಗೆಯದು. ಪ್ರತಿ ಕಾಫಿಯನ್ನೂ ಪ್ರತಿ ರೈಲು ಟಿಕೆಟ್ಟನ್ನೂ ರೂಪಾಯಿಗೆ ಪರಿವರ್ತಿಸಿ ಎದೆ ಹಿಡಿದುಕೊಳ್ಳುವ ಅಭ್ಯಾಸ. ಭತ್ಯೆ ನಿಗದಿಯಾಗುವುದು ಆ ಊರಿನ ಬೆಲೆ ನೋಡಿ, ಆ ದೇಶದ ಹಣದಲ್ಲಿ ಬದುಕಲಿಕ್ಕೆ. ಮೊದಲು ಉಳಿತಾಯದ ಪಾಲನ್ನು ಎತ್ತಿಟ್ಟು ಊರಿಗೆ ಕಳಿಸಿ, ಉಳಿದದ್ದನ್ನು ಅಲ್ಲಿನ ಹಣದಲ್ಲೇ ಲೆಕ್ಕ ಹಾಕಿ ಖರ್ಚು ಮಾಡಬೇಕು. ರೂಪಾಯಿಯ ಲೆಕ್ಕ ಬೇಕಾಗುವುದು ಕಳಿಸುವ ಪಾಲಿಗೆ ಮಾತ್ರ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಸಂಬಳ ನಿಲ್ಲುವುದು ನಮ್ಮ ಕೈಯಲ್ಲಿಲ್ಲ, ಸುತ್ತಾಟ ನಮ್ಮ ಕೈಯಲ್ಲಿದೆ. ಕೈಯಲ್ಲಿರುವುದನ್ನು ಕಡಿಮೆ ಮಾಡುವುದರಲ್ಲಿ ತಪ್ಪೇನು? ಮೊದಲರ್ಧವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ರಾಯಭಾರ ಕಚೇರಿ ಸಿಬ್ಬಂದಿಯ ಅವಲಂಬಿತರು ಕೆಲಸ ಮಾಡಲು ಅನುಮತಿಸುವ ಪರಸ್ಪರ ಒಪ್ಪಂದಗಳನ್ನು ಭಾರತ ಹಲವು ದೇಶಗಳೊಂದಿಗೆ ಮಾಡಿಕೊಂಡಿದೆ. ನಾವು ಹೋಗುವ ದೇಶ ಆ ಪಟ್ಟಿಯಲ್ಲಿದೆಯೇ ಎಂದು ಒಂದು ಪತ್ರ ಬರೆದು ಕೇಳಬಹುದು. ಕಂಪನಿಯಲ್ಲಿ ರಾಜೀನಾಮೆಗೆ ಬದಲು ಸಂಬಳರಹಿತ ರಜೆ ಕೇಳಬಹುದು. ದೂರದಿಂದಲೇ ಕೆಲಸ ಮಾಡುತ್ತೇನೆ ಅನ್ನುವುದು ಮಾತ್ರ ಅಂದುಕೊಂಡಷ್ಟು ಸುಲಭವಲ್ಲ: ಕಂಪನಿಯ ಲ್ಯಾಪ್‌ಟಾಪನ್ನು ದೇಶದ ಹೊರಗೆ ತೆರೆಯಲು ಅನೇಕ ಕಂಪನಿಗಳು ಬಿಡುವುದಿಲ್ಲ, ಆ ದೇಶದ ವೀಸಾ ನಿಯಮ, ತೆರಿಗೆ ಎರಡೂ ಅಡ್ಡ ಬರುತ್ತವೆ. ಮುಂಚೆಯೇ ಲಿಖಿತ ಅನುಮತಿ ಇಲ್ಲದೆ ಅದನ್ನು ನೆಚ್ಚಿಕೊಳ್ಳಬಾರದು. ಆಕ್ಷೇಪದ ಉತ್ತರಾರ್ಧಕ್ಕೆ ನನ್ನ ಉತ್ತರವೂ ಹಣದ ಲೆಕ್ಕದ್ದೇ. ನೌಕರಿ ಬಿಟ್ಟು ಬಂದವರಿಗೆ ಹೊಸ ಊರಿನಲ್ಲಿ ಸಹೋದ್ಯೋಗಿಗಳಿಲ್ಲ, ಪರಿಚಯವಿಲ್ಲ, ಎಷ್ಟೋ ಕಡೆ ಭಾಷೆಯೂ ಇಲ್ಲ. ಮನೆಯೊಳಗೇ ಎರಡು ವರ್ಷ ಕಳೆದವರು ಮರಳಿ ಸಂದರ್ಶನಕ್ಕೆ ಕೂತಾಗ ಆ ಅಂತರವೇ ಸಂಬಳ ಇಳಿಸುತ್ತದೆ. ಹೊರಗೆ ಓಡಾಡಿದವರಿಗೆ ನಾಲ್ಕು ಜನರ ಪರಿಚಯವಾಗುತ್ತದೆ, ಭಾಷೆ ಬರುತ್ತದೆ, ಕೋರ್ಸಿನ ಸುದ್ದಿ, ಕೆಲಸದ ಸುದ್ದಿ ಕಿವಿಗೆ ಬೀಳುತ್ತದೆ. ತಿಂಗಳ ಹತ್ತು ಸಾವಿರ ಆ ದಾರಿಗೂ ಹಾಕಿದ ದುಡ್ಡು.

ಎರಡನೆಯ ಆಕ್ಷೇಪ ನ್ಯಾಯವಾದದ್ದು. ಇದೆಲ್ಲ ಎರಡು ಸಂಬಳದ ಅಧಿಕಾರಿಗಳ ಮನೆಯ ಮಾತು, ಒಂದೇ ಸಂಬಳದ ಜವಾನನ ಮನೆಗೆ ಅಲ್ಲ. ನಿಜ. ಅಲ್ಲಿ ನಿಲ್ಲುವ ಸಂಬಳವಿಲ್ಲ, ಭತ್ಯೆಯೇ ಹೆಚ್ಚುವರಿ ಆದಾಯ. ಊರಿನ ಸಾಲ ತೀರಿಸುವುದು, ತಂಗಿಯ ಮದುವೆ ಮುಂದಿರುತ್ತದೆ. ಅಂಥ ಮನೆ ಭತ್ಯೆಯ ದೊಡ್ಡ ಪಾಲನ್ನು ಸಾಲಕ್ಕೆ ಕಟ್ಟುವುದೇ ಸರಿ, ಸುತ್ತಾಟ ಎರಡನೆಯದು. ಹಾಗೆಯೇ ಐಟಿ ಕಂಪನಿಯವರು ಆನ್‌ಸೈಟ್‌ಗೆ ಹೋಗುವಾಗಲೂ ನನ್ನ ಈ ವಾದ ಅನ್ವಯಿಸುತ್ತದೆ, ಆದರೆ ವೀಸಾ ನೋಡಿಕೊಂಡು. ಅಮೆರಿಕಕ್ಕೆ ಎಲ್-1ರಲ್ಲಿ ಹೋದವರ ಪತಿ-ಪತ್ನಿಯರು 2021ರ ನವೆಂಬರ್‌ನಿಂದ ಬೇರೆ ಪರವಾನಗಿಗೆ ಕಾಯದೆ ಕೆಲಸಕ್ಕೆ ಸೇರಬಹುದು. ಎಚ್-1ಬಿಯವರ ಸಂಗಾತಿಗೆ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ ಮೇಲಷ್ಟೇ ಆ ಅವಕಾಶ. ಒಂದೇ ಊರು, ಒಂದೇ ಸಂಬಳ, ವೀಸಾದ ಅಕ್ಷರ ಬೇರೆಯಾದರೆ ಮನೆಯ ಆದಾಯವೇ ಬೇರೆ.

ಬೀಗ ಹಾಕಿದ ಮನೆಯ ವಿಚಾರ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ತಿಂಗಳಿಗೆ 35,000 ಬಾಡಿಗೆ ಬರಬಹುದಾದ ಫ್ಲ್ಯಾಟನ್ನು ‘ಬೇರೆಯವರು ಹಾಳು ಮಾಡುತ್ತಾರೆ’ ಎಂದು 30 ತಿಂಗಳು ಖಾಲಿ ಬಿಟ್ಟರೆ ಹೋಗುವುದು ಹತ್ತೂವರೆ ಲಕ್ಷ, ನಮ್ಮ ಸುತ್ತಾಟದ ಮೊತ್ತದ ಮೂರೂವರೆ ಪಟ್ಟು. ಇಎಂಐ, ಮೇಂಟೆನೆನ್ಸ್ ಅಂತೂ ನಿಲ್ಲುವುದಿಲ್ಲ. ಬಾಡಿಗೆಗೆ ಕೊಟ್ಟರೆ ಆಸ್ತಿ ತೆರಿಗೆಯ ದರ ಹೆಚ್ಚು, ಅದನ್ನೂ ಕಳೆದು ನೋಡಿ, ಆಗಲೂ ಲಾಭವೇ. ತೆರಿಗೆಯ ದೃಷ್ಟಿಯಲ್ಲಿ ಮಾಲೀಕರು ಅನಿವಾಸಿಯಾದ ವರ್ಷ ಬಾಡಿಗೆದಾರರು ಶೇ 30ಕ್ಕೂ ಹೆಚ್ಚು ಮೂಲದಲ್ಲೇ ಕಡಿತ ಮಾಡಿ ಕಟ್ಟಬೇಕಾಗುತ್ತದೆ. ಕರಾರಿನಲ್ಲೇ ಇದನ್ನು ಬರೆಸದಿದ್ದರೆ ಇಬ್ಬರಿಗೂ ತೊಂದರೆ. ಹೆಚ್ಚು ಕಡಿತವಾದದ್ದನ್ನು ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು. ಸರ್ಕಾರಿ ಸೇವೆಯವರಿಗೆ ಇನ್ನೊಂದು ಅನುಕೂಲವಿತ್ತು: ವಿದೇಶದಲ್ಲಿ ಸೇವೆ ಸಲ್ಲಿಸುವ ಭಾರತೀಯ ಪ್ರಜೆಗೆ ಸರ್ಕಾರ ಅಲ್ಲಿ ಕೊಡುವ ಭತ್ಯೆಗೆ 1961ರ ಆದಾಯ ತೆರಿಗೆ ಕಾಯ್ದೆಯ 10(7) ಸೆಕ್ಷನ್ ವಿನಾಯಿತಿ ಕೊಟ್ಟಿತ್ತು, ಸಂಬಳಕ್ಕೆ ಮಾತ್ರ ಭಾರತದಲ್ಲೇ ತೆರಿಗೆ. ಖಾಸಗಿ ಕಂಪನಿಯ ಆನ್‌ಸೈಟ್ ಭತ್ಯೆಗೆ ಈ ವಿನಾಯಿತಿ ಇರಲಿಲ್ಲ. ಪಕ್ಕದ ಮನೆಯ ಸಾಫ್ಟ್‌ವೇರ್ ದಂಪತಿ ಮಾಡಿದ ಲೆಕ್ಕವನ್ನೇ ಸೇನೆಯವರು ನಕಲು ಮಾಡಬಾರದು, ಅವರದನ್ನು ಇವರೂ ಮಾಡಬಾರದು.

ಆದೇಶ ಬಂದ ವಾರ ಸೂಟ್‌ಕೇಸ್ ಖರೀದಿಗಿಂತ ಮೊದಲು ಆಗಬೇಕಾದ ಕೆಲಸ ಜೊತೆಗೆ ಹೋಗುವವರ ಕಂಪನಿಯ ಎಚ್‌ಆರ್ ಜೊತೆಗಿನ ಮಾತುಕತೆ. ಸಂಬಳರಹಿತ ರಜೆ ಎಷ್ಟು ತಿಂಗಳು, ಮರಳಿದಾಗ ಅದೇ ಗ್ರೇಡ್ ಸಿಗುತ್ತದೆಯೇ, ಸೇವಾವಧಿ ತುಂಡಾಗದೆ ಮುಂದುವರಿಯುತ್ತದೆಯೇ, ರಜೆಯಲ್ಲಿದ್ದಾಗ ಗುಂಪು ಆರೋಗ್ಯ ವಿಮೆ ನಡೆಯುತ್ತದೆಯೇ. ಉತ್ತರ ಬಾಯಿಮಾತಿನಲ್ಲಿ ಬೇಡ, ಇಮೇಲ್‌ನಲ್ಲಿ ಬರಲಿ. ಮ್ಯಾನೇಜರ್ ಒಪ್ಪಿದ್ದಾರೆ ಅನ್ನುವುದು ಸಾಲದು. ಎರಡೂವರೆ ವರ್ಷದಲ್ಲಿ ಅವರೇ ಕಂಪನಿ ಬದಲಿಸಿರಬಹುದು.